ಯಾರೂ ಸುಳ್ಳು ಹೇಳದ ಮೊಕದ್ದಮೆ

ಕೋಟಿನ ಒಳಜೇಬಿಗೆ ಕೈಹಾಕಿದ್ದಷ್ಟೇ ಆ ಮನುಷ್ಯ ಮಾಡಿದ್ದು. ಜೇಬಿನಲ್ಲಿದ್ದದ್ದು ಹೆಂಡತಿಯ ಜೀವವಿಮೆಯ ಪಾಲಿಸಿ. ಅವಳ ಬುದ್ಧಿಹಲ್ಲು ಕೀಳಿಸಲು 300 ಡಾಲರ್ ಬೇಕು. ಪಾಲಿಸಿಯ ಮೇಲೆ ಎಷ್ಟು ಸಾಲ ಹುಟ್ಟೀತು ಎಂದು ವಿಚಾರಿಸಲು ಬಂದಿದ್ದಾನೆ. ಕೌಂಟರಿನ ಆಚೆ ನಿಂತ ಹೆಂಗಸಿಗೆ ಮಾತ್ರ ಆ ಕೈ ಪಿಸ್ತೂಲು ತೆಗೆಯಲು ಹೋದಂತೆ ಕಾಣುತ್ತದೆ. ಅವಳು ಏನೋ ನೆಪ ಹೇಳಿ ಒಳಗೆ ಹೋಗಿ ಸಹೋದ್ಯೋಗಿಯ ಕಿವಿಯಲ್ಲಿ ಉಸುರುತ್ತಾಳೆ. ಆ ಸಹೋದ್ಯೋಗಿ ಹೆದರುತ್ತಲೇ ಕದ್ದು ನೋಡುತ್ತಾಳೆ. ಹಿಂದೆ ಎರಡು ಸಲ ಇದೇ ಕಚೇರಿಯನ್ನು ದೋಚಿದವನು ಇವನೇ ಎಂಬುದು ಅಲ್ಲಿಗೆ ಖಾಯಂ ಆಗುತ್ತದೆ. ಅತ್ತ ಅವನು ಟೋಪಿ ಸರಿಮಾಡಿಕೊಂಡು, ಹೆಂಡತಿಯೇ ಬಂದು ಸಹಿ ಹಾಕಬೇಕೆಂಬ ಮಾತು ಕೇಳಿಸಿಕೊಂಡು, ಸಮಾಧಾನದಿಂದ ಹೊರಗೆ ನಡೆಯುತ್ತಾನೆ.

ಆಲ್‌ಫ್ರೆಡ್ ಹಿಚ್‌ಕಾಕ್ 1956ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಗೆ ಮಾಡಿಕೊಟ್ಟ ‘ದಿ ರಾಂಗ್ ಮ್ಯಾನ್’ ಚಿತ್ರದ ಮೊದಲ ಕಾಲುಭಾಗದಲ್ಲಿ ಬರುವ ದೃಶ್ಯ ಇದು. 105 ನಿಮಿಷದ ಕಪ್ಪುಬಿಳುಪು ಚಿತ್ರ. ಕಥೆ ಕಟ್ಟಿದ್ದಲ್ಲ, ನಡೆದದ್ದು. ನ್ಯೂಯಾರ್ಕಿನ ಸ್ಟಾರ್ಕ್ ಕ್ಲಬ್ಬಿನಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದ ಕ್ರಿಸ್ಟೋಫರ್ ಇಮ್ಯಾನುಯೆಲ್ ಬಾಲೆಸ್ಟ್ರೆರೊ ಎಂಬ ಸಂಗೀತಗಾರನನ್ನು 1953ರ ಜನವರಿ 14ರ ಸಂಜೆ ಕ್ವೀನ್ಸ್ ಭಾಗದ ಜ್ಯಾಕ್ಸನ್ ಹೈಟ್ಸ್‌ನಲ್ಲಿ, ಮನೆಯ ಬಾಗಿಲಲ್ಲೇ ಪೊಲೀಸರು ಹಿಡಿದರು. ಅದೇ ವರ್ಷದ ಜೂನ್‌ನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಹರ್ಬರ್ಟ್ ಬ್ರೀನ್ ಆ ಪ್ರಕರಣದ ಬಗ್ಗೆ ಬರೆದರು. ಮ್ಯಾಕ್ಸ್‌ವೆಲ್ ಆಂಡರ್ಸನ್ ಮತ್ತು ಆಂಗಸ್ ಮ್ಯಾಕ್‌ಫೇಲ್ ಚಿತ್ರಕಥೆ ಮಾಡಿದರು. ಮ್ಯಾನಿ ಎಂಬ ಅಡ್ಡಹೆಸರಿನ ಆ ಸಂಗೀತಗಾರನಾಗಿ ಹೆನ್ರಿ ಫಾಂಡಾ, ಹೆಂಡತಿ ರೋಸ್ ಆಗಿ ವೆರಾ ಮೈಲ್ಸ್, ವಕೀಲ ಫ್ರ್ಯಾಂಕ್ ಓಕಾನರ್ ಆಗಿ ಆಂಟನಿ ಕ್ವೇಲ್ ನಟಿಸಿದರು.

ತಪ್ಪು ಮಾಡದವನ ಮೇಲೆ ಅನುಮಾನ ಬೀಳುವ ಚಿತ್ರಗಳು ನೋಯರ್ ಎಂಬ, ಕತ್ತಲು ಕವಿದ ಅಪರಾಧ ಚಿತ್ರಗಳ ಪರಂಪರೆಯಲ್ಲಿ ಬೇಕಾದಷ್ಟಿವೆ. ಬಹುಪಾಲು ಚಿತ್ರಗಳಲ್ಲಿ ಯಾರೋ ಒಬ್ಬರು ಬೇಕೆಂದೇ ಬಲೆ ಬೀಸಿರುತ್ತಾರೆ: ಒಬ್ಬ ಲಂಚಕೋರ ಅಧಿಕಾರಿ, ಒಬ್ಬ ಮೋಹಕ ಹೆಣ್ಣು, ಆಸ್ತಿಗೆ ಹೊಂಚುಹಾಕಿದ ನಂಟ. ಇಲ್ಲಿ ಅಂಥವರು ಒಬ್ಬರೂ ಇಲ್ಲ. ಕಚೇರಿಯ ಹೆಂಗಸರು ನಿಜವಾಗಿಯೇ ಹೆದರಿದ್ದಾರೆ, ನಂಬಿದ್ದನ್ನೇ ಹೇಳುತ್ತಾರೆ. ಪತ್ತೇದಾರರು ಹೊಡೆಯುವುದಿಲ್ಲ, ಬೈಯುವುದಿಲ್ಲ, ಗಲಾಟೆಯಿಲ್ಲದೆ ತಮ್ಮ ಕೆಲಸ ಮಾಡುತ್ತಾರೆ. ಸರ್ಕಾರಿ ವಕೀಲ ಕಡತದಲ್ಲಿ ಇದ್ದದ್ದನ್ನೇ ಓದುತ್ತಾನೆ. ಇಡೀ ಮೊಕದ್ದಮೆಯಲ್ಲಿ ಸುಳ್ಳು ಹೇಳಿದವರಿಲ್ಲ, ಆದರೂ ಒಬ್ಬ ಮನುಷ್ಯ ಕೈಕೋಳ ತೊಟ್ಟು ಜೈಲಿಗೆ ಹೋಗುತ್ತಾನೆ. ಹಿಚ್‌ಕಾಕ್ ಮಾಡಿದ ಚಿತ್ರಗಳಲ್ಲೆಲ್ಲ ನಿಜವಾದ ಭಯ ಹುಟ್ಟಿಸುವುದು ಇದೇ ಎಂದು ನಾನು ನಂಬಿರುವುದು ಈ ಕಾರಣಕ್ಕೆ. ಖಳನಿದ್ದರೆ ಅವನನ್ನು ಹಿಡಿಯಬಹುದು. ಇಲ್ಲಿ ಹಿಡಿಯುವುದು ಯಾರನ್ನು?

ಆ ಸಂಜೆ ಠಾಣೆಯಲ್ಲಿ ಏನೇನು ನಡೆಯಿತು ಎಂಬುದನ್ನು ಚಿತ್ರ ಒಂದನ್ನೂ ಬಿಡದೆ ತೋರಿಸುತ್ತದೆ. ಅದನ್ನು ಅದೇ ಕ್ರಮದಲ್ಲಿ ನೋಡಬೇಕು, ಯಾಕೆಂದರೆ ತಪ್ಪು ಇರುವುದೇ ಆ ಕ್ರಮದಲ್ಲಿ.

ಬೀಗದ ಕೈ ಹಾಕುತ್ತಿರುವಾಗ ಪಕ್ಕದಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಒಳಗೆ ಹೆಂಡತಿಗೆ ಒಂದು ಮಾತು ಹೇಳಿ ಬರುತ್ತೇನೆ ಎಂದರೆ ಬಿಡುವುದಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತಾರೆ. ಠಾಣೆಯಲ್ಲಿ ಲೆಫ್ಟಿನೆಂಟ್ ಬವರ್ಸ್ ಸೌಮ್ಯವಾಗಿಯೇ ಮಾತಾಡುತ್ತಾನೆ. ತಪ್ಪು ಮಾಡದವನು ಹೆದರಬೇಕಾಗಿಲ್ಲ, ಹೆದರಬೇಕಾದವನು ತಪ್ಪು ಮಾಡಿದವನು ಎನ್ನುವುದು ಅವನ ಧಾಟಿ. ಅವನು ಅದನ್ನು ನಂಬಿಯೇ ಹೇಳುತ್ತಾನೆ. ನೋಡುತ್ತಿರುವ ನಮಗೆ ಮೈ ಜುಮ್ಮೆನ್ನುವುದು ಆ ನಂಬಿಕೆಗೇ.

ಮುಂದಿನ ಹೆಜ್ಜೆ ಅಂಗಡಿಗಳ ಸುತ್ತಾಟ. ದೋಚಲ್ಪಟ್ಟಿದ್ದ ಒಂದು ಮದ್ಯದಂಗಡಿ, ಆಮೇಲೆ ಇನ್ನೊಂದು ತಿನಿಸಿನಂಗಡಿ. ಅವನು ಒಬ್ಬನೇ ಬಾಗಿಲು ತೆರೆದು ಒಳಹೋಗಬೇಕು, ಅಂಗಡಿಯ ಕೊನೆಯವರೆಗೆ ನಡೆಯಬೇಕು, ತಿರುಗಿ ಹೊರಬರಬೇಕು. ಅಂಗಡಿಯವರು ನೋಡುತ್ತಾರೆ. ನಿಮ್ಮ ಅಂಗಡಿಯನ್ನು ದೋಚಿದವನನ್ನು ಪೊಲೀಸರು ಕರೆತಂದಿದ್ದಾರೆ ಎಂದು ತಿಳಿದಿರುವ ಒಬ್ಬನ ಮುಂದೆ ಒಬ್ಬನೇ ಒಬ್ಬನನ್ನು ನಡೆಸಿದರೆ, ಅಲ್ಲಿ ಆಯ್ಕೆ ಎಂಬುದೇ ಇಲ್ಲ. ಉತ್ತರ ‘ಹೌದು’ ಅಥವಾ ‘ಇರಬಹುದು’, ಅಷ್ಟೆ. ಫಾಂಡಾ ಇಲ್ಲಿ ನಡೆಯುವ ರೀತಿ ಗಮನಿಸಿ. ಹೇಗೆ ನಡೆದರೆ ಕಳ್ಳನಂತೆ ಕಾಣುವುದಿಲ್ಲ ಎಂದು ಯೋಚಿಸುತ್ತ ನಡೆಯುವವನ ನಡಿಗೆ ಅದು. ಹಾಗೆ ಯೋಚಿಸುತ್ತ ನಡೆದವನು ಸಹಜವಾಗಿ ಕಾಣುವುದಾದರೂ ಹೇಗೆ?

ಆಮೇಲೆ ಹಣದ ಪ್ರಶ್ನೆಗಳು. ಸಂಬಳ ವಾರಕ್ಕೆ 85 ಡಾಲರ್. ಸಾಲ ಇದೆಯೇ? ಇದೆ. ಕುದುರೆ ಜೂಜು? ಪತ್ರಿಕೆಯ ರೇಸ್ ಪುಟದಲ್ಲಿ ಗುರುತು ಹಾಕುವ ಅಭ್ಯಾಸ ಅವನಿಗಿದೆ ಎಂದು ನಾವು ಆಗಲೇ ಸಬ್‌ವೇ ರೈಲಿನ ದೃಶ್ಯದಲ್ಲಿ ನೋಡಿದ್ದೇವೆ. ಬರೀ ಮನಸ್ಸಿನಲ್ಲೇ ಲೆಕ್ಕ ಹಾಕುವ ಆಟ ಅದು ಎಂಬುದು ನಮಗೆ ಗೊತ್ತು. ಅದೇ ವಿಷಯ ಠಾಣೆಯ ಮೇಜಿನ ಮೇಲೆ ಬಂದಾಗ ‘ಹಣದ ತುರ್ತು ಇದ್ದವನು’ ಎಂಬ ಸಾಲಾಗುತ್ತದೆ. ಚಿತ್ರದ ಮೊದಲ ಇಪ್ಪತ್ತು ನಿಮಿಷದಲ್ಲಿ ಸಂಸಾರದ ಅಕ್ಕರೆಯ ವಿವರಗಳಾಗಿ ಕಂಡ ರಜೆಯ ಖರ್ಚು, ಹಲ್ಲಿನ ಖರ್ಚು, ರೇಸ್ ಪುಟ ಎಲ್ಲವೂ ಹೀಗೆ ಒಂದೊಂದಾಗಿ ಸಾಕ್ಷ್ಯದ ಪಟ್ಟಿಗೆ ಸೇರುತ್ತವೆ. ಚಿತ್ರಕಥೆಯ ಜಾಣತನ ಇರುವುದು ಇಲ್ಲಿ. ನಮ್ಮ ಮನೆಯ ಒಂದು ವಾರದ ಖರ್ಚಿನ ಚೀಟಿಯನ್ನು ಪತ್ತೇದಾರನೊಬ್ಬ ಓದಿದರೆ ನಾವೂ ಹಾಗೇ ಕಂಡೇವು.

ಕೊನೆಗೆ ಕೈಬರಹ. ದರೋಡೆಕೋರ ಕೊಟ್ಟಿದ್ದ ಚೀಟಿಯ ಮಾತುಗಳನ್ನು ಬವರ್ಸ್ ಹೇಳುತ್ತಾನೆ, ಮ್ಯಾನಿ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಾನೆ. ಮತ್ತೊಮ್ಮೆ ಬರೆಸುತ್ತಾರೆ. ಹಣದ ಪೆಟ್ಟಿಗೆ ಎಂಬ ಅರ್ಥದ ‘ಡ್ರಾಯರ್’ ಪದದ ಕೊನೆಯ ಎರಡಕ್ಷರ ಬಿಟ್ಟು ‘ಡ್ರಾ’ ಎಂದು ಬರೆದುಬಿಡುತ್ತಾನೆ. ದರೋಡೆಕೋರನ ಚೀಟಿಯಲ್ಲೂ ಅದೇ ತಪ್ಪು. ಕೋಣೆಯಲ್ಲಿ ಮೌನ. ಮೊದಲ ಸಲ ನೋಡುವ ಪ್ರೇಕ್ಷಕನಿಗೂ ಒಂದು ಕ್ಷಣ ಅನುಮಾನ ಬರುವುದು ಇಲ್ಲೇ. ಆದರೆ ಆ ಕಾಲದ ನ್ಯೂಯಾರ್ಕಿನ ಬೀದಿಮಾತಿನಲ್ಲಿ ಆ ಪದದ ಕೊನೆಯ ‘ರ್’ ಕೇಳಿಸುತ್ತಲೇ ಇರಲಿಲ್ಲ. ಕಿವಿಗೆ ಬಿದ್ದಂತೆ ಬರೆಯುವವರು ಆ ಊರಿನಲ್ಲಿ ಲೆಕ್ಕವಿಲ್ಲದಷ್ಟಿದ್ದರು. ಒಂದು ಹೋಲಿಕೆ ಸಿಕ್ಕಾಗ ಕೇಳಬೇಕಾದ ಪ್ರಶ್ನೆ, ಇದೇ ಹೋಲಿಕೆ ಇನ್ನೆಷ್ಟು ಜನರಲ್ಲಿ ಸಿಗುತ್ತದೆ ಎಂಬುದು. ಠಾಣೆಯಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಸಾಲುಪೆರೇಡ್, ಅಂದರೆ ಹಲವರ ನಡುವೆ ಶಂಕಿತನನ್ನು ನಿಲ್ಲಿಸಿ ಸಾಕ್ಷಿಗಳಿಂದ ಗುರುತು ಹಿಡಿಸುವುದು. ವಿಮಾ ಕಚೇರಿಯ ಹೆಂಗಸರನ್ನು ಕರೆಸುತ್ತಾರೆ. ಗಂಡಸರ ಸಾಲಿನಲ್ಲಿ ಮ್ಯಾನಿಯನ್ನು ನಿಲ್ಲಿಸುತ್ತಾರೆ. ಒಂದು ಕಡೆಯಿಂದ ಎಣಿಸುತ್ತ ಬಂದು ಅವನ ಸಂಖ್ಯೆಗೆ ನಿಲ್ಲುತ್ತಾರೆ. ಒಬ್ಬಳಾದ ಮೇಲೆ ಇನ್ನೊಬ್ಬಳು. ಕಡತ ಪೂರ್ತಿಯಾಯಿತು.

ಈಗ ಕಡತವನ್ನು ಹೊರಗಿನಿಂದ ಓದಿ. ಇಬ್ಬರು ಪ್ರತ್ಯಕ್ಷದರ್ಶಿಗಳು, ಸಾಲುಪೆರೇಡಿನಲ್ಲಿ ಗುರುತು, ಕೈಬರಹದ ಹೋಲಿಕೆ, ಹಣದ ಅಗತ್ಯ. ನಾಲ್ಕು ಕಡೆಯಿಂದ ಬಂದ ನಾಲ್ಕು ಸಾಕ್ಷ್ಯಗಳಂತೆ ಕಾಣುತ್ತದೆ. ನಿಜವಾಗಿ ಇದ್ದದ್ದು ಒಂದೇ: ಕೌಂಟರಿನ ಹಿಂದಿನ ಆ ಮೊದಲ ಹೆಂಗಸಿನ ಹೆದರಿಕೆ. ಎರಡನೆಯವಳು ನೋಡುವ ಮೊದಲೇ ಏನನ್ನು ನೋಡಬೇಕು ಎಂದು ಕೇಳಿಸಿಕೊಂಡಿದ್ದಳು. ಪೊಲೀಸರು ಮ್ಯಾನಿಯ ಮನೆಬಾಗಿಲಿಗೆ ಹೋದದ್ದೇ ಆ ಹೇಳಿಕೆಯ ಮೇಲೆ. ಕೈಬರಹ ಕೇಳಿದ್ದೂ ಅದರ ಮೇಲೆಯೇ. ಸಾಲುಪೆರೇಡಿಗೆ ಬಂದ ಹೆಂಗಸರು ನೆನಪಿನಿಂದ ಹೆಕ್ಕಿದ್ದು ಹಿಂದಿನ ವರ್ಷ ದೋಚಲು ಬಂದಿದ್ದವನ ಮುಖವನ್ನಲ್ಲ, ಸಾಲ ಕೇಳಲು ಬಂದಿದ್ದವನ ಮುಖವನ್ನು. ಅವನು ಆ ಸಾಲಿನಲ್ಲಿ ಇದ್ದೇ ಇದ್ದನಲ್ಲ! ಒಂದು ದೀಪದಿಂದ ಹಚ್ಚಿದ ನಾಲ್ಕು ದೀಪಗಳನ್ನು ನಾಲ್ಕು ಬೇರೆಬೇರೆ ಬೆಂಕಿ ಎಂದು ಎಣಿಸಿದ ಹಾಗೆ. ಸಾಕ್ಷಿ ಎಷ್ಟು ಎನ್ನುವುದಕ್ಕಿಂತ ಅವು ಒಂದನ್ನೊಂದು ಮುಟ್ಟದೆ ಹುಟ್ಟಿದವೇ ಎನ್ನುವುದು ಮುಖ್ಯ.

ಮನುಷ್ಯನ ನೆನಪು ಹೀಗೇಕೆ ಮಾಡುತ್ತದೆ ಎಂಬುದರ ಬಗ್ಗೆ ಆಗಲೂ ಎಚ್ಚರಿಕೆಗಳು ಇರಲಿಲ್ಲವೆಂದಲ್ಲ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಹ್ಯೂಗೊ ಮನ್‌ಸ್ಟರ್‌ಬರ್ಗ್ 1908ರಲ್ಲೇ ಸಾಕ್ಷಿಗಳ ನೆನಪು ಹೇಗೆ ಮೋಸ ಮಾಡುತ್ತದೆಂದು ಒಂದು ಪುಸ್ತಕವನ್ನೇ ಬರೆದಿದ್ದ. ವಕೀಲರೂ ನ್ಯಾಯಾಧೀಶರೂ ಕಿವಿಗೊಡಲಿಲ್ಲ. ಗಟ್ಟಿಯಾದ ಪ್ರಯೋಗಗಳು ಬಂದದ್ದು 1970ರ ದಶಕದಿಂದ ಈಚೆಗೆ. ಗ್ಯಾರಿ ವೆಲ್ಸ್ ಎಂಬ ಸಂಶೋಧಕ ತೋರಿಸಿಕೊಟ್ಟ ಎರಡು ಸಂಗತಿಗಳು ಈ ಚಿತ್ರಕ್ಕೆ ನೇರವಾಗಿ ಹೊಂದುತ್ತವೆ.

ಮೊದಲನೆಯದು: ಸಾಲಿನ ಮುಂದೆ ನಿಂತ ಸಾಕ್ಷಿ ತನ್ನ ನೆನಪಿನ ಮುಖಕ್ಕೆ ಒಬ್ಬೊಬ್ಬರನ್ನೂ ಹೋಲಿಸಿ ‘ಇವನಲ್ಲ, ಇವನಲ್ಲ’ ಎಂದು ಹೋಗುವುದು ಕಡಿಮೆ. ಸಾಲಿನಲ್ಲಿರುವವರನ್ನೇ ಪರಸ್ಪರ ಹೋಲಿಸಿ, ಇದ್ದವರಲ್ಲಿ ಯಾರು ಹೆಚ್ಚು ಹೋಲುತ್ತಾನೋ ಅವನನ್ನು ಆರಿಸುತ್ತಾರೆ. ನಿಜವಾದ ಅಪರಾಧಿಯನ್ನು ಸಾಲಿನಿಂದ ತೆಗೆದುಬಿಟ್ಟರೆ ‘ಇಲ್ಲಿ ಯಾರೂ ಇಲ್ಲ’ ಎನ್ನಬೇಕಾದವರಲ್ಲಿ ಹಲವರು ಅವನ ನಂತರ ಹೆಚ್ಚು ಹೋಲುವವನ ಮೇಲೆ ಬೆರಳಿಡುತ್ತಾರೆ. ಎರಡನೆಯದು ಇನ್ನೂ ಅಪಾಯದ್ದು. 1998ರಲ್ಲಿ ವೆಲ್ಸ್ ಮತ್ತು ಎಮಿ ಬ್ರ್ಯಾಡ್‌ಫೀಲ್ಡ್ ಒಂದು ವೀಡಿಯೊ ತೋರಿಸಿ, ಅಪರಾಧಿ ಇಲ್ಲದ ಚಿತ್ರಗಳ ಸಾಲಿನಿಂದ ಆರಿಸಲು ಹೇಳಿದರು. ಆರಿಸಿದವರೆಲ್ಲರೂ ತಪ್ಪೇ. ಅವರಲ್ಲಿ ಕೆಲವರಿಗೆ ‘ಸರಿಯಾದ ಶಂಕಿತನನ್ನೇ ಗುರುತಿಸಿದಿರಿ’ ಎಂದು ಒಂದು ಮಾತು ಹೇಳಿದರು. ಆ ಒಂದು ಮಾತಿನಿಂದ ಅವರ ಖಚಿತತೆ ಏರಿತು. ಮುಖ ಚೆನ್ನಾಗಿ ಕಂಡಿತ್ತು, ಗಮನವಿಟ್ಟು ನೋಡಿದ್ದೆ ಎಂದು ಹಿಂದಿನ ನೆನಪನ್ನೂ ತಿದ್ದಿಕೊಂಡರು. ಚಿತ್ರದ ಸಾಲುಪೆರೇಡಿನಲ್ಲಿ ಆ ಹೆಂಗಸರು ನಡುಗುತ್ತಾರೆ, ತಡವರಿಸುತ್ತಾರೆ. ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಆ ನಡುಕವಿಲ್ಲ. ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡವಾದ ಜ್ಯೂರಿಗೆ ಕಾಣುವುದು ನ್ಯಾಯಾಲಯದ ಧೈರ್ಯ ಮಾತ್ರ, ಠಾಣೆಯ ನಡುಕ ಯಾವ ಕಾಗದದಲ್ಲೂ ಇಲ್ಲ.

ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾಗಿ ಹೊರಬಂದವರ ಪ್ರಕರಣಗಳನ್ನು ತೆಗೆದು ನೋಡಿದರೆ, ಹತ್ತರಲ್ಲಿ ಸುಮಾರು ಏಳರಲ್ಲಿ ಪ್ರತ್ಯಕ್ಷದರ್ಶಿಯ ತಪ್ಪು ಗುರುತು ಒಂದು ಕಾರಣವಾಗಿತ್ತು. ಅದರಿಂದ ಕಲಿತು ಇಂದು ಶಿಫಾರಸು ಮಾಡುವ ವಿಧಾನ ಹೀಗಿದೆ. ಪೆರೇಡ್ ನಡೆಸುವ ಅಧಿಕಾರಿಗೆ ಸಾಲಿನಲ್ಲಿ ಶಂಕಿತ ಯಾರೆಂದು ತಿಳಿದಿರಬಾರದು; ತಿಳಿದಿದ್ದರೆ ಕಣ್ಣು, ಉಸಿರು, ಒಂದು ‘ಹ್ಞೂಂ’ ಕೂಡ ಸಾಕ್ಷಿಗೆ ದಾರಿ ತೋರಿಸುತ್ತದೆ. ಒಬ್ಬ ಶಂಕಿತನ ಜೊತೆ ಕನಿಷ್ಠ ಐದು ಜನ ಬೇರೆಯವರು ಇರಬೇಕು, ಸಾಕ್ಷಿ ಮೊದಲು ಕೊಟ್ಟ ವಿವರಣೆಗೆ ಅವರೆಲ್ಲರೂ ಹೊಂದಬೇಕು, ಒಬ್ಬನೇ ಎದ್ದು ಕಾಣಬಾರದು. ಅಪರಾಧಿ ಇಲ್ಲಿ ಇರಬಹುದು, ಇಲ್ಲದೆಯೂ ಇರಬಹುದು ಎಂದು ಮೊದಲೇ ಹೇಳಬೇಕು. ಸಾಕ್ಷಿಗಳು ಒಬ್ಬರ ಮಾತು ಒಬ್ಬರ ಕಿವಿಗೆ ಬೀಳದಂತೆ ಬೇರೆಬೇರೆ ಇರಬೇಕು. ಬೆರಳು ತೋರಿಸಿದ ತಕ್ಷಣ, ಯಾರೂ ಏನೂ ಹೇಳುವ ಮೊದಲು, ಎಷ್ಟು ಖಚಿತ ಎಂಬುದನ್ನು ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು. ಇಡೀ ಪ್ರಕ್ರಿಯೆಯ ವೀಡಿಯೊ ಆಗಬೇಕು. ಚಿತ್ರವನ್ನು ಈ ಪಟ್ಟಿಯ ಜೊತೆ ಇಟ್ಟು ನೋಡಿದರೆ ಒಂದು ಸಾಲೂ ಪಾಲನೆಯಾಗಿಲ್ಲ. 1953ರಲ್ಲಿ ಇವು ಯಾವುದೂ ನಿಯಮವಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಬವರ್ಸ್ ನಿಯಮ ಮುರಿದವನಲ್ಲ.

ವಕೀಲನಿಲ್ಲದೆ, ಸುಮ್ಮನಿರುವ ಹಕ್ಕಿದೆ ಎಂದು ಯಾರೂ ಹೇಳದೆ ಮ್ಯಾನಿ ಗಂಟೆಗಟ್ಟಲೆ ಉತ್ತರ ಕೊಡುತ್ತಾನಲ್ಲ, ಅದರ ಮೇಲೂ ಕಾನೂನು ಬಂದದ್ದು ತಡವಾಗಿ. ಬಡ ಆರೋಪಿಗೂ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದ ಗಿಡಿಯನ್ ತೀರ್ಪು 1963ರದ್ದು. ವಿಚಾರಣೆಗೆ ಮೊದಲು ಹಕ್ಕುಗಳನ್ನು ಓದಿಹೇಳಬೇಕೆಂದ ಮಿರಾಂಡ ತೀರ್ಪು 1966ರದ್ದು. ದೋಷಾರೋಪಣೆಯ ನಂತರದ ಸಾಲುಪೆರೇಡಿನಲ್ಲಿ ವಕೀಲರು ಹಾಜರಿರುವ ಹಕ್ಕನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವೇಡ್ ಪ್ರಕರಣದಲ್ಲಿ ಒಪ್ಪಿದ್ದು 1967ರ ಜೂನ್‌ನಲ್ಲಿ. ಆದರೆ ಅದೇ ದಿನ ಕೊಟ್ಟ ಗಿಲ್ಬರ್ಟ್ ತೀರ್ಪಿನಲ್ಲಿ ಕೈಬರಹದ ಮಾದರಿ ಬರೆಸಿಕೊಳ್ಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಹೇಳಿತು. ನಮ್ಮ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಗೆ ಇದೇ ಉತ್ತರವನ್ನು 1961ರಲ್ಲೇ, ಕಾಥಿ ಕಾಲು ಓಘಡ್ ಪ್ರಕರಣದಲ್ಲಿ, ಹನ್ನೊಂದು ನ್ಯಾಯಮೂರ್ತಿಗಳ ಪೀಠದಿಂದ ಕೊಟ್ಟಿತ್ತು.

ನಮ್ಮಲ್ಲಿಯ ಗುರುತು ಪತ್ತೆ ಪೆರೇಡ್ ಒಂದು ವಿಷಯದಲ್ಲಿ ಮ್ಯಾನಿಯ ನ್ಯೂಯಾರ್ಕಿಗಿಂತ ವಾಸಿ. ಅದನ್ನು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರು ನಡೆಸುತ್ತಾರೆ, ತನಿಖೆ ಮಾಡುತ್ತಿರುವ ಪೊಲೀಸರು ಆ ಕೋಣೆಯಲ್ಲಿರಬಾರದು. ಪತ್ರಿಕೆಗಳಲ್ಲಿ ಆರೋಪಿಗಳನ್ನು ಮುಖಕ್ಕೆ ಮುಸುಕು ಹಾಕಿ ಕರೆದೊಯ್ಯುವ ಚಿತ್ರ ನೋಡಿರುತ್ತೀರಿ. ಅದು ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ. ಪೆರೇಡಿಗೆ ಮೊದಲೇ ಸಾಕ್ಷಿ ಆ ಮುಖವನ್ನು ಠಾಣೆಯಲ್ಲೋ ಪತ್ರಿಕೆಯಲ್ಲೋ ಕಂಡುಬಿಟ್ಟರೆ ಆಮೇಲಿನ ಗುರುತಿಗೆ ಬೆಲೆಯಿಲ್ಲ ಎಂಬುದು ಅದರ ಹಿಂದಿನ ಕಾರಣ. ಅಂಗಡಿಯೊಳಗೆ ಒಬ್ಬನೇ ನಡೆದುಬರುವ ಮ್ಯಾನಿಗೆ ಆ ಮುಸುಕು ಇರಲಿಲ್ಲ. ಇಷ್ಟಾದರೂ ನಮ್ಮಲ್ಲೂ ಪೆರೇಡಿನ ಗುರುತು ಪೂರಕ ಮಾತ್ರ, ಮುಖ್ಯ ಸಾಕ್ಷ್ಯ ನ್ಯಾಯಾಲಯದಲ್ಲಿ ಹೇಳಿದ್ದು. ಆ ಹೊತ್ತಿಗೆ ಕಟಕಟೆಯಲ್ಲಿ ನಿಂತವನು ಒಬ್ಬನೇ ಇರುತ್ತಾನೆ ಎಂಬ ತೊಡಕು ಎಲ್ಲ ದೇಶಕ್ಕೂ ಒಂದೇ.

ಚಿತ್ರಕ್ಕೆ ಮರಳಿದರೆ, ಹಿಚ್‌ಕಾಕ್ ಇದನ್ನು ಹೇಗೆ ತೆಗೆದರು ಎಂಬುದೂ ಇದೇ ವಿಷಯಕ್ಕೆ ಸೇರಿದ್ದು. ಅದಕ್ಕೆ ಹಿಂದಿನ ಕೆಲವು ವರ್ಷ ಅವರು ಬಣ್ಣದ, ವಿಶಾಲ ಪರದೆಯ, ತಾರೆಯರ ಚಿತ್ರಗಳನ್ನೇ ಮಾಡುತ್ತಿದ್ದರು. ಇದಕ್ಕೆ ಮತ್ತೆ ಕಪ್ಪುಬಿಳುಪಿಗೆ ಬಂದರು, ತಮ್ಮ ಕೆಲಸಕ್ಕೆ ಸಂಭಾವನೆಯನ್ನೂ ತೆಗೆದುಕೊಳ್ಳಲಿಲ್ಲ. ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್ ಜೊತೆ ಸ್ಟಾರ್ಕ್ ಕ್ಲಬ್, ವಿಮಾ ಕಚೇರಿಯಿದ್ದ ಜ್ಯಾಕ್ಸನ್ ಹೈಟ್ಸ್‌ನ ವಿಕ್ಟರ್ ಮೂರ್ ಆರ್ಕೇಡ್, ಕ್ವೀನ್ಸ್‌ನ ಬೀದಿಗಳಂಥ ಘಟನೆ ನಡೆದ ನಿಜವಾದ ಜಾಗಗಳಿಗೇ ಹೋದರು. ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಸುಳಿದುಹೋಗುವ ಅವರ ಅಭ್ಯಾಸವನ್ನೂ ಇಲ್ಲಿ ಬಿಟ್ಟರು. ಬದಲಿಗೆ ಆರಂಭದಲ್ಲೇ, ಹಿಂದಿನಿಂದ ಬೆಳಕು ಬಿದ್ದ ಒಂದು ಖಾಲಿ ಜಾಗದಲ್ಲಿ ನೆರಳಾಗಿ ನಿಂತು, ಇದರ ಒಂದೊಂದು ಮಾತೂ ನಿಜ ಎಂದು ಹೇಳುತ್ತಾರೆ.

ಅದಾದ ಮೇಲೆ ಕ್ಲಬ್ಬಿನ ದೃಶ್ಯ. ಕುಣಿಯುವವರು ತುಂಬಿದ ಸಭಾಂಗಣ ಹೆಸರುಗಳು ಬರುತ್ತಿದ್ದಂತೆ ಕ್ರಮೇಣ ಖಾಲಿಯಾಗುತ್ತದೆ. ಮ್ಯಾನಿ ಕೆಲಸ ಮುಗಿಸಿ ಹೊರಗೆ ಬರುತ್ತಾನೆ. ಅದೇ ಹೊತ್ತಿಗೆ ಗಸ್ತಿನ ಇಬ್ಬರು ಪೊಲೀಸರು ಅವನ ಹಿಂದೆ ಹಾದುಹೋಗುತ್ತಾರೆ; ಕ್ಯಾಮೆರಾ ನಿಂತ ಕೋನದಿಂದ ಅವರಿಬ್ಬರೂ ಅವನನ್ನು ನಡುವೆ ಹಿಡಿದುಕೊಂಡು ನಡೆಯುತ್ತಿರುವಂತೆ ಕಾಣುತ್ತದೆ. ಏನೂ ನಡೆದಿಲ್ಲ, ಯಾರೂ ಅವನನ್ನು ನೋಡಿಯೂ ಇಲ್ಲ. ಅನುಮಾನ ಎಂಬುದು ನಿಂತ ಜಾಗದ ಮೇಲೆ ಹೋಗುತ್ತದೆ ಎಂಬುದನ್ನು ಒಂದು ಮಾತೂ ಆಡದೆ ಹೇಳಿಬಿಡುವ ಈ ಶಾಟ್‌ ನನಗೆ ಇಡೀ ಚಿತ್ರದ ಕೀಲಿಕೈಯಾಗಿ ಕಾಣುತ್ತದೆ.

ಬಂಧನದ ನಂತರ ಕ್ಯಾಮೆರಾ ಬಹುತೇಕ ಮ್ಯಾನಿಯ ಕಣ್ಣಾಗುತ್ತದೆ. ಬೆರಳಚ್ಚಿನ ಮಸಿ ಮೆತ್ತಿದ ಕೈಗಳನ್ನು ಅವನು ನೋಡಿಕೊಳ್ಳುತ್ತಾನೆ, ನಾವೂ ನೋಡುತ್ತೇವೆ. ಕೋಳ ಹಾಕಿ ಸಾಗಿಸುವಾಗ ನಾಚಿಕೆಯಿಂದ ತಲೆಯೆತ್ತದ ಅವನಿಗೆ ಕಾಣುವುದು ಬೇರೆ ಕೈದಿಗಳ ಬೂಟುಗಳು. ನಮಗೂ ಅಷ್ಟೇ ಕಾಣುತ್ತದೆ. ಮಾತಿನಿಂದ ಹೇಳಿಸಿದ್ದರೆ ಅಳುಬುರುಕ ದೃಶ್ಯವಾಗುತ್ತಿತ್ತು. ಸೆಲ್ಲಿನೊಳಗೆ ಗೋಡೆಗೊರಗಿ ಕಣ್ಣು ಮುಚ್ಚಿದ ಅವನ ಸುತ್ತ ಕ್ಯಾಮೆರಾ ಸುತ್ತತೊಡಗಿ ವೇಗ ಹೆಚ್ಚುತ್ತ ಹೋಗುವ ಒಂದು ಶಾಟ್ ಇದೆ. ನಿಜ ಘಟನೆಯ ಚಿತ್ರಕ್ಕೆ ಇಂಥ ಅಲಂಕಾರ ಒಗ್ಗುವುದಿಲ್ಲ ಎಂದು ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರುಫೊ ಹಿಚ್‌ಕಾಕ್‌ರಿಗೇ ನೇರವಾಗಿ ಹೇಳಿದ್ದರು. ಆ ಒಂದು ಶಾಟ್‌ನ ಮಟ್ಟಿಗೆ ತ್ರುಫೊ ಹೇಳಿದ್ದು ಸರಿ. ಅಲ್ಲಿಯವರೆಗೆ ಫಾಂಡಾನ ಕಣ್ಣುಗಳೇ ಮಾಡುತ್ತಿದ್ದ ಕೆಲಸವನ್ನು ಕ್ಯಾಮೆರಾ ಕಿತ್ತುಕೊಂಡು ಮಾಡುತ್ತದೆ. ಬರ್ನಾರ್ಡ್ ಹರ್ಮನ್ ಸಂಗೀತ ಮಾತ್ರ ಎಲ್ಲೂ ಅತಿಯಾಗುವುದಿಲ್ಲ. ಕ್ಲಬ್ಬಿನ ಕುಣಿತದ ಧಾಟಿ ನಿಂತ ಮೇಲೆ ಉಳಿಯುವುದು ಕೆಳಸ್ಥಾಯಿಯ ಕೆಲವೇ ವಾದ್ಯಗಳು, ಅವುಗಳಲ್ಲಿ ಮ್ಯಾನಿಯದೇ ವಾದ್ಯವಾದ ಡಬಲ್ ಬಾಸ್ ಮುಂದೆ.

7,500 ಡಾಲರ್ ಜಾಮೀನನ್ನು ನಂಟರು ಹೊಂದಿಸಿದ ಮೇಲೆ ವಕೀಲ ಓಕಾನರ್ ಬರುತ್ತಾನೆ. ಎರಡು ದರೋಡೆಗಳ ದಿನಾಂಕ 1952ರ ಜುಲೈ 9 ಮತ್ತು ಡಿಸೆಂಬರ್ 18. ಜುಲೈಯಲ್ಲಿ ಮ್ಯಾನಿಯ ಕುಟುಂಬ ನ್ಯೂಯಾರ್ಕ್ ರಾಜ್ಯದ ಕಾರ್ನ್‌ವಾಲ್ ಊರಿನ ಎಡೆಲ್‌ವೈಸ್ ಫಾರ್ಮ್‌ನಲ್ಲಿ ರಜೆಯಲ್ಲಿತ್ತು. ಡಿಸೆಂಬರಿನಲ್ಲಿ ಅವನ ದವಡೆ ಊದಿಕೊಂಡಿತ್ತು, ನೋಡಿದವರು ಮರೆಯಲಾಗದಷ್ಟು. ಬೇರೆಡೆ ಇದ್ದೆ ಎಂದು ಸಾಬೀತು ಮಾಡುವುದು ಸುಲಭ ಎನಿಸುತ್ತದೆ. ಆದರೆ ಅದರ ಹೊರೆ ಪೂರ್ತಿ ಆರೋಪಿಯ ಮೇಲೆ. ಆ ಮಳೆಯ ದಿನ ಜೊತೆಗೆ ಇಸ್ಪೀಟಾಡಿದವರು ಯಾರು, ಈಗ ಎಲ್ಲಿದ್ದಾರೆ ಎಂದು ಗಂಡಹೆಂಡತಿ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾರೆ. ಒಬ್ಬ ಸತ್ತಿದ್ದಾನೆ. ಇನ್ನೊಬ್ಬನೂ ಸತ್ತಿದ್ದಾನೆ. ಮೂರನೆಯವನ ಸುಳಿವೇ ಇಲ್ಲ. ನಿಜ ಪ್ರಕರಣದಲ್ಲಿ ಮ್ಯಾನಿಯ ಪರವಾಗಿದ್ದ ಕೆಲವು ಸಂಗತಿಗಳನ್ನು ಹಿಚ್‌ಕಾಕ್ ಚಿತ್ರದಿಂದ ಬೇಕೆಂದೇ ಕೈಬಿಟ್ಟರು, ಉಸಿರು ಬಿಗಿಹಿಡಿಸಲು. ಒಂದೊಂದು ಮಾತೂ ನಿಜ ಎಂದು ಮೊದಲೇ ಹೇಳಿದ ಚಿತ್ರ ಇದನ್ನು ಮಾಡಬಾರದಿತ್ತು ಎಂದು ನನಗನಿಸುತ್ತದೆ.

ಎರಡನೆಯ ಸಾವಿನ ಸುದ್ದಿ ಕೇಳಿದಾಗ ರೋಸ್ ನಗತೊಡಗುತ್ತಾಳೆ. ಆ ನಗುವಿನಿಂದ ಚಿತ್ರ ಅವಳದಾಗುತ್ತದೆ. ಅವಳ ಕುಸಿತವನ್ನು ವೆರಾ ಮೈಲ್ಸ್ ಕಿರುಚಾಟದಿಂದ ತೋರಿಸುವುದಿಲ್ಲ. ವಕೀಲನ ಕಚೇರಿಯಲ್ಲಿ ಕುರ್ಚಿಯಲ್ಲಿ ಕುಳಿತ ರೀತಿ, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಹಿಡಿಯುವ ಹೊತ್ತು, ನೋಟ ಎಲ್ಲೋ ನಿಂತುಬಿಡುವುದು. ಹಲ್ಲಿನ ಖರ್ಚು ತನ್ನದು, ಪಾಲಿಸಿ ತನ್ನದು, ಆದ್ದರಿಂದ ಇದೆಲ್ಲ ತನ್ನಿಂದಲೇ ಎಂಬ ಲೆಕ್ಕ ಅವಳೊಳಗೆ ಬೆಳೆಯುತ್ತದೆ. ಪೊಲೀಸರು ಗಂಡನಿಗೆ ಮಾಡಿದ್ದನ್ನು ಅವಳು ತನಗೆ ತಾನೇ ಮಾಡಿಕೊಳ್ಳುತ್ತಾಳೆ; ಚದುರಿದ ಸಂಗತಿಗಳನ್ನು ಒಟ್ಟುಹಾಕಿ ತಪ್ಪಿತಸ್ಥೆಯನ್ನು ನಿರ್ಧರಿಸುತ್ತಾಳೆ. ಒಂದು ರಾತ್ರಿ ತಲೆಬಾಚುವ ಬ್ರಷ್‌ನಿಂದ ಗಂಡನಿಗೆ ಹೊಡೆಯುತ್ತಾಳೆ, ಕನ್ನಡಿ ಸೀಳುತ್ತದೆ, ಸೀಳಿದ ಗಾಜಿನಲ್ಲಿ ಫಾಂಡಾನ ಮುಖ ಎರಡಾಗಿ ಕಾಣುತ್ತದೆ. ಅವಳು ಮಾನಸಿಕ ಆಸ್ಪತ್ರೆ ಸೇರುತ್ತಾಳೆ. ಮ್ಯಾನಿಯ ಮೇಲಿನ ಆರೋಪವನ್ನು ನ್ಯಾಯಾಲಯ ಕೈಬಿಡಬಹುದು. ಇವಳ ಮೇಲೆ ಇವಳೇ ಹೊರಿಸಿಕೊಂಡದ್ದನ್ನು ಕೈಬಿಡಿಸುವವರು ಯಾರು?

ಮೊಕದ್ದಮೆ ಮುರಿಯುವುದು ನ್ಯಾಯದಿಂದಲ್ಲ, ಬೇಸರದಿಂದ. ಸಾಲುಪೆರೇಡಿನಲ್ಲಿ ಬೇರೆ ಯಾರು ಯಾರಿದ್ದರು, ಹೇಗಿದ್ದರು ಎಂದು ಓಕಾನರ್ ಪಾಟೀಸವಾಲು ಮಾಡುತ್ತಿರುತ್ತಾನೆ. ಇಡೀ ಪ್ರಕರಣದಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿದ್ದರೆ ಅವು ಇವೇ. ಅಷ್ಟರಲ್ಲಿ ಜ್ಯೂರಿಯ ಒಬ್ಬ ಎದ್ದುನಿಂತು ಇದನ್ನೆಲ್ಲ ಕೂತು ಕೇಳಲೇಬೇಕೇ ಎಂದು ನ್ಯಾಯಾಧೀಶರನ್ನು ಕೇಳುತ್ತಾನೆ. ತೀರ್ಮಾನ ಮೊದಲೇ ಆಗಿಹೋಗಿದೆ ಎಂಬ ಅರ್ಥ ಅದರಲ್ಲಿದೆ. ಆದ್ದರಿಂದ ವಿಚಾರಣೆ ರದ್ದು, ಮತ್ತೆ ಮೊದಲಿನಿಂದ. ನಿಜ ಮೊಕದ್ದಮೆಯೂ 1953ರ ಏಪ್ರಿಲ್‌ನಲ್ಲಿ ಹೀಗೆಯೇ ರದ್ದಾಯಿತು.

ಆಮೇಲೆ ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯ. ತಾಯಿಯ ಮಾತಿಗೆ ಮ್ಯಾನಿ ಯೇಸುವಿನ ಪಟದ ಮುಂದೆ ಪ್ರಾರ್ಥಿಸುತ್ತಾನೆ. ಅವನ ಮುಖದ ಮೇಲೆಯೇ ಒಂದು ಬೀದಿ ಮೂಡುತ್ತದೆ. ದೂರದಿಂದ ಟೋಪಿ ಕೋಟಿನ ಒಬ್ಬ ನಡೆದು ಬರುತ್ತಾನೆ, ಹತ್ತಿರ ಹತ್ತಿರ ಬಂದು ಅವನ ಮುಖ ಫಾಂಡಾನ ಮುಖದೊಳಗೆ ಕೂರುತ್ತದೆ. ಇದನ್ನು ಪವಾಡ ಎನ್ನುವವರಿದ್ದಾರೆ. ನನ್ನ ಓದು ಬೇರೆ. ಎರಡು ಮುಖಗಳು ಒಂದರ ಮೇಲೊಂದು ಬಂದಾಗ ನಾವು ಮೊದಲು ಮಾಡುವುದು ಹೋಲಿಕೆ. ಹುಬ್ಬು, ಗಲ್ಲ, ಟೋಪಿಯ ನೆರಳು. ಅವು ಅಷ್ಟೇನೂ ಹೋಲುವುದಿಲ್ಲ! ಆದರೂ ಒಂದು ಕ್ಷಣ ಹೋಲುತ್ತವೆ ಅನಿಸುತ್ತದೆ. ಅಂದರೆ ಪ್ರೇಕ್ಷಕನನ್ನೇ ಸಾಲುಪೆರೇಡಿನ ಮುಂದೆ ನಿಲ್ಲಿಸಿ, ಆ ಹೆಂಗಸರು ಮಾಡಿದ್ದನ್ನು ಅವನಿಂದಲೂ ಮಾಡಿಸುತ್ತಾರೆ.

ಆ ಮನುಷ್ಯ ಒಂದು ಅಂಗಡಿ ದೋಚಲು ಹೋಗಿ ಸಿಕ್ಕಿಬೀಳುತ್ತಾನೆ. ಠಾಣೆಯಲ್ಲಿ ಅವನ ಪಕ್ಕದಲ್ಲಿ ಹಾದುಹೋದ ಪತ್ತೇದಾರನೊಬ್ಬ ಹೊರಗೆ ಬೀದಿಗೆ ಬಂದು, ನಿಂತು, ತಿರುಗಿ ಒಳಗೆ ಹೋಗುತ್ತಾನೆ. ಮ್ಯಾನಿಯನ್ನು ಉಳಿಸಿದ ಏಕೈಕ ತನಿಖೆ ಆ ತಿರುಗುವಿಕೆ. ಅದೇ ಇಬ್ಬರು ಹೆಂಗಸರು ಮತ್ತೆ ಬಂದು, ಮತ್ತೆ ಎಣಿಸಿ, ಈ ಸಲ ಇವನೇ ಎನ್ನುತ್ತಾರೆ. ಹೊರಗೆ ಹೋಗುವಾಗ ಮ್ಯಾನಿ ಎದುರಾಗುತ್ತಾನೆ. ಅವನ ಕಣ್ಣಿಗೆ ಕಣ್ಣು ಕೊಡದೆ ಹಾದುಹೋಗುತ್ತಾರೆ. ಅವರ ಮೇಲೆ ಸಿಟ್ಟು ಬರಬೇಕೆಂದು ಹಿಚ್‌ಕಾಕ್ ಆ ಶಾಟ್ ಇಟ್ಟಿದ್ದಾರೆ ಎನಿಸುವುದಿಲ್ಲ. ಎರಡು ಸಲವೂ ಅವರು ಪ್ರಾಮಾಣಿಕರೇ ಆಗಿದ್ದರು.

ಕೊನೆಯಲ್ಲಿ ಬರುವ ಬರಹದ ಪ್ರಕಾರ ಎರಡು ವರ್ಷದ ನಂತರ ರೋಸ್ ಪೂರ್ತಿ ಗುಣಮುಖಳಾಗಿ ಕುಟುಂಬ ಫ್ಲಾರಿಡಾದಲ್ಲಿ ಸುಖವಾಗಿದೆ. ಆಸ್ಪತ್ರೆಯ ಕೋಣೆಯಲ್ಲಿ ಗಂಡ ತಂದ ಒಳ್ಳೆಯ ಸುದ್ದಿಗೆ ಮುಖವನ್ನೂ ಅಲುಗಿಸದ ಹೆಂಗಸನ್ನು ಅದರ ಹಿಂದಿನ ನಿಮಿಷದಲ್ಲೇ ನೋಡಿದವರು ಆ ಸಾಲುಗಳನ್ನು ನಂಬುವುದು ಕಷ್ಟ. ಹಿಚ್‌ಕಾಕ್ ಈ ಚಿತ್ರವನ್ನು ತಮ್ಮ ಸಾಧಾರಣ ಚಿತ್ರಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ಫ್ರಾನ್ಸಿನಲ್ಲಿ ಆಗ ವಿಮರ್ಶಕರಾಗಿದ್ದ, ಮುಂದೆ ನಿರ್ದೇಶಕರಾಗಿ ಹೆಸರಾದ ಗೊದಾರ್ 1957ರಲ್ಲಿ ಇದರ ಬಗ್ಗೆ ದೀರ್ಘವಾಗಿ ಬರೆದು ಎತ್ತಿಹಿಡಿದರು. ನಾನು ಗೊದಾರ್ ಕಡೆ.

ನಿಜ ಜೀವನದ ಬಾಲೆಸ್ಟ್ರೆರೊ ಅವರು ತಪ್ಪು ಬಂಧನಕ್ಕಾಗಿ ನಗರದ ಮೇಲೆ 5 ಲಕ್ಷ ಡಾಲರ್‌ಗೆ ದಾವೆ ಹೂಡಿ 7,000ಕ್ಕೆ ರಾಜಿಯಾದರು. ಚಿತ್ರದಿಂದ ಬಂದ 22,000 ಡಾಲರ್ ಹೆಂಡತಿಯ ಚಿಕಿತ್ಸೆಗೆ ಮಾಡಿದ್ದ ಸಾಲಕ್ಕೆ ಹೋಯಿತು. ಅವರ ವಕೀಲ ಓಕಾನರ್ ಮುಂದೆ ಕ್ವೀನ್ಸ್ ಜಿಲ್ಲೆಯ ಸರ್ಕಾರಿ ಅಭಿಯೋಜಕರೇ ಆದರು, 1966ರಲ್ಲಿ ಗವರ್ನರ್ ಚುನಾವಣೆಗೆ ನಿಂತು ನೆಲ್ಸನ್ ರಾಕ್‌ಫೆಲರ್ ಎದುರು ಸೋತರು. 2014ರಲ್ಲಿ ಜ್ಯಾಕ್ಸನ್ ಹೈಟ್ಸ್‌ನ 73ನೇ ಬೀದಿಯ ಒಂದು ಮೂಲೆಗೆ ಬಾಲೆಸ್ಟ್ರೆರೊ ಹೆಸರಿಟ್ಟರು. ಫೋಟೊ ತೋರಿಸಿ ಪಡೆದ ಗುರುತು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಸಲ್ಲಬೇಕಾದರೆ, ತೋರಿಸುವ ಅಧಿಕಾರಿಗೆ ಶಂಕಿತನ ಫೋಟೊ ಯಾವುದೆಂದು ತಿಳಿಯದಂಥ ವಿಧಾನವನ್ನೇ ಪಾಲಿಸಿರಬೇಕೆಂಬ ಕಾನೂನು ನ್ಯೂಯಾರ್ಕ್ ರಾಜ್ಯದಲ್ಲಿ ಬಂದದ್ದು 2017ರಲ್ಲಿ.